ಕ್ಯಾನಿಗೆ ನೀರು ಹಾಕಿದ ಸಿನಿಮಾ

“ಸ್ವಲ್ಪ ನಿಂತ್ಕಳವ್ವ ಮಂಚಮ್ಮ, ಇನ್ನೊಂದ್ಸಲ ನೋಡ್ಬುಡ್ತೀನಿ,” ಎಂದ ಡೈರಿಯ ಸೆಕ್ರೆಟರಿ ಕೆಂಪಣ್ಣ.

ಮಂಚಮ್ಮನ ಕ್ಯಾನಿನಿಂದ ಮತ್ತೆ ಒಂದಿಷ್ಟು ಹಾಲು ತೆಗೆದು, ಅದರೊಳಗೆ ಗಾಜಿನ ಡಿಗ್ರಿ ಕಡ್ಡಿ ಬಿಟ್ಟ. ಹಾಲಿಗೆ ನೀರು ಬೆರೆಸಿದ್ದರೆ ಆ ಕಡ್ಡಿ ಹೇಳಿಬಿಡುತ್ತದೆ. ಮೊದಲ ಸಲವೂ ಸರಿಯಿತ್ತು, ಈಗಲೂ ಸರಿಯಿತ್ತು. ಆದರೂ ಸಾಲಿನಲ್ಲಿ ನಿಂತಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಬೇರೆ ಯಾರ ಹಾಲನ್ನೂ ಅವನು ಎರಡೆರಡು ಸಲ ನೋಡುತ್ತಿರಲಿಲ್ಲ.

ಅವ್ವನ ಪಕ್ಕದಲ್ಲಿ ನಿಂತಿದ್ದ ಸಹನಳಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಇದಕ್ಕೆಲ್ಲ ಕಾರಣ ಅವಳು ಮಾಡಿದ ಸಿನಿಮಾ.

ಸಿನಿಮಾ ಅಂದರೆ ದೊಡ್ಡದೇನಲ್ಲ, ಒಂದೇ ನಿಮಿಷದ್ದು. ಕಿಕ್ಕೇರಿ ಹತ್ತಿರದ ಆ ಹಳ್ಳಿಯ ಶಾಲೆಯಲ್ಲಿ ರಂಗಸ್ವಾಮಿ ಮೇಷ್ಟ್ರು ಆರನೇ ಕ್ಲಾಸಿನವರಿಗೆ ಕ್ಲೋಸಪ್ ಯಾವುದು, ಲಾಂಗ್ ಶಾಟ್ ಯಾವುದು, ಶಾಟುಗಳನ್ನು ಹೇಗೆ ಕತ್ತರಿಸಿ ಜೋಡಿಸುತ್ತಾರೆ ಅಂತ ಹೇಳಿಕೊಟ್ಟಿದ್ದರು. ನಿಮ್ಮ ಮನೆಯವರು ಮಾಡುವ ಕೆಲಸದ ಮೇಲೆ ಒಂದು ಸಿನಿಮಾ ಮಾಡಿ ಎಂದಿದ್ದರು. ಸಹನ ಅಪ್ಪನ ಫೋನಿನಲ್ಲಿ ಅವ್ವನನ್ನು ತೆಗೆದಳು. ಹಾಲು ಕರೆಯುವ ಕೈ ಕ್ಲೋಸಪ್ಪಿನಲ್ಲಿ, ಡೈರಿಯ ದಾರಿ ಲಾಂಗ್ ಶಾಟಿನಲ್ಲಿ. ಮೇಷ್ಟ್ರಿಗೆ ಬಲು ಇಷ್ಟವಾಯಿತು. ‘ವೆರಿ ಗುಡ್’ ಎಂದು ಬರೆದು ಶಾಲೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು.

ಅಲ್ಲಿಂದ ಅದು ಊರಿನ ಗ್ರೂಪಿಗೆ ಹಾರಿತು. ಊರಿನವರು ಕೈಯನ್ನೂ ನೋಡಲಿಲ್ಲ, ದಾರಿಯನ್ನೂ ನೋಡಲಿಲ್ಲ. ಮಂಚಮ್ಮ ಹಾಲು ಕರೆದಳು. ಆಮೇಲೆ ಕ್ಯಾನಿಗೆ ಒಂದು ಚೊಂಬು ನೀರು ಸುರಿದಳು. ಆಮೇಲೆ ಡೈರಿಗೆ ಹೋಗಿ ಹಾಲು ಹಾಕಿದಳು. ಅವರಿಗೆ ಕಂಡಿದ್ದು ಇಷ್ಟು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಆ ಊರಲ್ಲಿ ಎಲ್ಲರಿಗೂ ಬಾಯಿಪಾಠ. ಫೋನಿನಲ್ಲಿ ಕಂಡದ್ದಕ್ಕೆ ಆ ಗಾದೆ ಬೇಡ ಅಂದುಕೊಂಡಿದ್ದರೋ ಏನೋ. ಡಿಗ್ರಿ ಕಡ್ಡಿಯ ಮಾತನ್ನು ಒಬ್ಬರೂ ನಂಬಲಿಲ್ಲ.

“ಮಗ್ಳೇ ತೋರಿಸ್ಬುಟ್ಳಲ್ಲ, ಇನ್ಯಾರ್ ಯೋಳ್ಬೇಕು,” ಎಂದಳು ಹಿಂದೆ ನಿಂತಿದ್ದ ಕುಳ್ಳಮ್ಮ. ಕೇಳಿಸಲಿ ಅಂತಲೇ ಹೇಳಿದ್ದು.

ಮನೆಗೆ ಬಂದ ಮೇಲೆ ಅವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಖಾಲಿ ಕ್ಯಾನನ್ನು ಕೆಳಗಿಟ್ಟು, ಎಂದಿನಂತೆ ಅದಕ್ಕೊಂದು ಚೊಂಬು ನೀರು ಹಾಕಿ ಅಲ್ಲಾಡಿಸಿದಳು. ಒಳಗೆ ಅಂಟಿದ್ದ ಹಾಲು ಸೇರಿ ನೀರು ಬೆಳ್ಳಗಾಯಿತು. ಹಾಲಿನ ಪಾತ್ರೆ ತೊಳೆದ ನೀರನ್ನು ನೆಲಕ್ಕೆ ಚೆಲ್ಲಬಾರದು, ಯಾರಾದರೂ ತುಳಿದರೆ ಹಸು ಬತ್ತಿಹೋಗುತ್ತದೆ ಎನ್ನುವುದು ಆ ಊರಿನವರ ನಂಬಿಕೆ. ಅದಕ್ಕೇ ಅವ್ವ ಅದನ್ನು ಕರುವಿನ ಬಕೆಟ್ಟಿಗೆ ಸುರಿದಳು.

“ನೀರು ಹಾಕದು ಯಾವಾಗ ಅಂತ ನಿಂಗೇ ಗೊತ್ತಲ್ಲ ಮಗ. ಜನುಕ್ಕೆ ಯೋಳಿ ಯೋಳಿ ನಂಗೂ ಸಾಕಾಗೋಗದೆ,” ಎಂದಳು. ಅವಳ ದನಿಯಲ್ಲಿ ಕೋಪವೇ ಇರಲಿಲ್ಲ. ಕೋಪ ಮಾಡಿಕೊಳ್ಳಲೂ ಶಕ್ತಿ ಬೇಕಲ್ಲ.

ಆ ದಿನ ಸಹನಳಿಗೆ ಯಾವ ಪಾಠವೂ ತಲೆಗೆ ಹತ್ತಲಿಲ್ಲ. ಊಟದ ಬೆಲ್ಲು ಹೊಡೆದಾಗ ಮೇಷ್ಟ್ರ ಬಳಿ ಹೋಗಿ ನಡೆದದ್ದೆಲ್ಲ ಹೇಳಿದಳು. ಅವರು ಸಿನಿಮಾವನ್ನು ಮತ್ತೊಮ್ಮೆ ಹಾಕಿ ನೋಡಿದರು.

“ನೀರು ಹಾಕೋ ಶಾಟ್ ಯಾವಾಗ ತೆಗ್ದೆ?”

“ಡೈರಿಯಿಂದ ಬಂದ್ಮೇಲೆ ಸಾರ್.”

“ಸಿನಿಮಾದಲ್ಲಿ ಎಲ್ಲಿಟ್ಟೆ?”

ಸಹನ ತಲೆ ತಗ್ಗಿಸಿದಳು. “ಡೈರಿಗಿಂತ ಮುಂಚೆ. ಬಿಸಿಲಲ್ಲಿ ನೀರು ಫಳಫಳ ಅಂತಿತ್ತು ಸಾರ್. ಹಾಲು ಕರೆಯೋ ಶಾಟ್ ಪಕ್ಕ ಅದು ಚೆನ್ನಾಗ್ ಕಾಣ್ತಿತ್ತು.” ಕರುವಿನ ಬಕೆಟ್ಟು ಗಲೀಜಾಗಿ ಕಾಣುತ್ತದೆ ಅಂತ ಅದನ್ನು ಕತ್ತರಿಸಿ ಹಾಕಿದ್ದನ್ನೂ ಹೇಳಿದಳು.

ಮೇಷ್ಟ್ರು ಹಣೆ ಉಜ್ಜಿಕೊಂಡರು. “ಒಂದು ಶಾಟೂ ಸುಳ್ಳಲ್ಲ. ಜೋಡ್ಸಿದ್ಮೇಲೆ ಸುಳ್ಳಾಗ್ಬಿಟ್ಟದೆ ನೋಡು. ನಾನೂ ಬೆಳಕು ಚೆನ್ನಾಗಿದೆ ಅಂತ ನೋಡ್ದೆ ಕಣಮ್ಮ, ಯಾವುದರ ಹಿಂದೆ ಯಾವುದು ಬಂತು ಅಂತ ನೋಡ್ಲಿಲ್ಲ.”

ಈಗ ಏನು ಮಾಡುವುದು ಎಂದು ಇಬ್ಬರೂ ಯೋಚಿಸಿದರು. ಶಾಟುಗಳನ್ನು ಸರಿಯಾಗಿ ಜೋಡಿಸಿ ಕಳಿಸಿದರೆ, ಈಗ ಬೇಕಂತಲೇ ತಿದ್ದಿದ್ದಾರೆ ಅನ್ನುವುದಿಲ್ಲವೆ ಜನ? ಕೊನೆಗೆ ಸಹನಳೇ ಒಂದು ದಾರಿ ಹೇಳಿದಳು. ಎಲ್ಲೂ ನಿಲ್ಲಿಸದೆ, ಎಲ್ಲೂ ಕತ್ತರಿಸದೆ, ಡೈರಿಯಿಂದ ಕರುವಿನ ಬಕೆಟ್ಟಿನವರೆಗೆ ಒಂದೇ ಶಾಟ್.

ಸಂಜೆ ಅವಳು ಫೋನು ಹಿಡಿದಾಗ ಅವ್ವನ ಮುಖ ಬಾಡಿತು. ಇನ್ನೇನು ಉಳಿದಿದೆ ಅಂತ ಕೇಳಿದಳು. ಆಮೇಲೆ, ನಿನ್ನಿಷ್ಟ ಅಂದು ಕ್ಯಾನು ಎತ್ತಿಕೊಂಡಳು.

ಡೈರಿಯಲ್ಲಿ ಅವ್ವ ಕ್ಯಾನು ಬಗ್ಗಿಸಿ ಹಾಲು ಹಾಕುವುದರಿಂದ ಶಾಟ್ ಶುರುವಾಯಿತು. ಸಹನ ಫೋನು ಹಿಡಿದು ಹಿಂದೆಯೇ ನಡೆದಳು. ಕೈ ಸೋಲತೊಡಗಿತು. ಮೋರಿಯ ಕಟ್ಟೆ ಬಂದಾಗ ಅವ್ವ ಕ್ಯಾನು ಕೆಳಗಿಟ್ಟು ಕೂತುಬಿಟ್ಟಳು. ಮಂಡಿ ಒತ್ತಿಕೊಂಡಳು, ಕಣ್ಣು ಮುಚ್ಚಿದಳು. ದನ ಹೊಡೆದುಕೊಂಡು ಯಾರೋ ಹಾದುಹೋದರೂ ಕಣ್ಣು ತೆರೆಯಲಿಲ್ಲ.

ಹಿಂದಿನ ಸಲವೂ ಅವ್ವ ಇಲ್ಲೇ ಕೂತಿದ್ದಳು. ಏನೂ ನಡೀತಿಲ್ಲವಲ್ಲ ಅಂತ ಆಗ ಸಹನ ಫೋನು ಆಫ್ ಮಾಡಿದ್ದಳು. ಈಗ ನಿಲ್ಲಿಸುವ ಹಾಗಿರಲಿಲ್ಲ, ಹಾಗಾಗಿ ನೋಡುತ್ತಾ ನಿಂತಳು. ಕೂತು ದಣಿವಾರಿಸಿಕೊಳ್ಳುವಾಗ ಅವ್ವನ ಮುಖ ಹೇಗಿರುತ್ತದೆ ಅಂತ ಅವಳು ಯಾವತ್ತೂ ಇಷ್ಟು ಹೊತ್ತು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಡೈರಿಯಲ್ಲಿ ಕೆಂಪಣ್ಣನ ಮೇಜಿನ ಮೇಲೆ ಸಿನಿಮಾ ಓಡಿತು. ಸಾಲು ಮುರಿದು ಎಲ್ಲರೂ ಸುತ್ತ ಸೇರಿದರು. ಮೋರಿಯ ಕಟ್ಟೆ ಬಂದಾಗ ಕೆಂಪಣ್ಣ ಬೇಸರದಿಂದ ಸಿನಿಮಾವನ್ನು ಮುಂದಕ್ಕೆ ಓಡಿಸಲು ಬೆರಳು ಚಾಚಿದ.

“ಓಡಿಸ್ಬ್ಯಾಡಿ ಮಾವ,” ಎಂದಳು ಸಹನ.

ಅವನು ಬೆರಳು ತೆಗೆದ. ಎಲ್ಲರೂ ನೋಡಿದರು. ಅವ್ವನೂ ನೋಡಿದಳು.

“ನಾನು ಇಷ್ಟೊತ್ತು ಕೂತಿರ್ತೀನಾ?” ಎಂದಳು ಮೆಲ್ಲಗೆ.

ಆಮೇಲೆ ಮನೆ ಬಂತು. ಕ್ಯಾನಿಗೆ ನೀರು ಬಿತ್ತು. ಬೆಳ್ಳಗಿನ ನೀರು ಬಕೆಟ್ಟಿಗೆ ಹೋಯಿತು, ಕರು ಅದಕ್ಕೆ ಬಾಯಿ ಹಾಕಿತು. ಕುಳ್ಳಮ್ಮನ ಮುಖ ಸಪ್ಪಗಾಯಿತು.

“ನಾನೂ ಅಂಗೇ ಕಣವ್ವ, ದಿನಾ ಕರುಗೇ ಉಯ್ಯದು,” ಎಂದಳು. ಅಲ್ಲಿದ್ದವರೆಲ್ಲ ದಿನಾ ಮಾಡುವ ಕೆಲಸವೇ ಅದು. ಫೋನಿನಲ್ಲಿ ಬಂದಾಗ ಒಬ್ಬರಿಗೂ ಗುರುತು ಸಿಕ್ಕಿರಲಿಲ್ಲ.

ಕೆಂಪಣ್ಣ ಎಲ್ಲರ ಹಾಲಿಗೆ ಬಿಟ್ಟಂತೆ ಮಂಚಮ್ಮನ ಹಾಲಿಗೂ ಒಂದೇ ಸಲ ಕಡ್ಡಿ ಬಿಟ್ಟು, “ಹಾಕವ್ವ,” ಎಂದ.

ಹಿಂದಿರುಗುವಾಗ ಅವ್ವ ಮೋರಿಯ ಕಟ್ಟೆಯತ್ತ ಒಮ್ಮೆ ನೋಡಿದಳು. ಊರೆಲ್ಲ ನೋಡಿಬಿಟ್ಟಿತಲ್ಲ ಎಂಬ ನಾಚಿಕೆಯೋ ಏನೋ, ಕೂರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು.

ಸಹನ ಹೋಗಿ ಕಟ್ಟೆಯ ಮೇಲೆ ಕೂತಳು. “ಅವ್ವಾ, ನಂಗೆ ಕಾಲು ನೋಯ್ತಾ ಅದೆ. ಒಸಿ ಕೂತ್ಕಳಾನ.”

ಅವಳ ಕಾಲು ನೋಯುತ್ತಿರಲಿಲ್ಲ. ಅವ್ವ ಮಗಳ ಮುಖವನ್ನೇ ನೋಡಿದಳು. ಇಸ್ಕೂಲಿಗೆ ಹೊತ್ತಾಯ್ತದೆ ಅಂತ ಗೊಣಗುತ್ತಲೇ ಬಂದು ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿದಳು. ಸಹನ ಫೋನು ಹೊರಗೆ ತೆಗೆಯಲಿಲ್ಲ.