ಕೆಲಸದಲ್ಲೇ ಇದ್ದವಳು

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಟೈಲರಿಂಗ್ ಅಂಗಡಿಯ ಮಾಲೀಕ ಠಾಣೆಗೆ ಬಂದು, ಹೊಲಿಗೆ ಯಂತ್ರ ಕಳವಾಗಿದೆಯೆಂದು ದೂರು ಬರೆದುಕೊಟ್ಟ. ಅನುಮಾನ ಯಾರ ಮೇಲೆ ಎಂದು ಇನ್‌ಸ್ಪೆಕ್ಟರ್ ಕೇಳಿದ್ದೇ ತಡ, ಅಂಗಡಿಯಲ್ಲಿ ವರ್ಷಗಟ್ಟಲೆ ಹೊಲಿದ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸಿನತ್ತ ಬೆರಳು ತೋರಿಸಿದ. ಮನೆಮಗಳ ಹಾಗೆ ನೋಡಿಕೊಂಡಿದ್ದೆ ಎಂದು ನಿಟ್ಟುಸಿರು ಬೇರೆ.

ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆ ಹೋದರೆ ಬೀಗ ಮುರಿದಿರಲಿಲ್ಲ. ಇನ್ನೊಂದು ಕೀಲಿ ಇದ್ದುದು ಅಕ್ಕನ ಬಳಿ. ಹೊಸದಾಗಿ ಸೇರಿದ ಟೈಲರ್ ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದು, ಕಳವಿಗೂ ಮುಂಚೆ, ಶನಿವಾರವೇ, ಮಾಲೀಕರು ಆಕೆಗೆ ಇನ್ನು ಬರಬೇಡ ಎಂದಾಗಿತ್ತು, ಆ ಯಂತ್ರದ ಮುಂದೆ ತಾನು ಕೂರಬೇಕಿತ್ತು ಎಂದು ಪಿಸುಗುಟ್ಟಿದ. ಬರೆದುಕೊಳ್ಳಲು ಹೊರಟರೆ, ಹೊಟ್ಟೆಪಾಡು ಸರ್ ಎಂದು ಕೈಮುಗಿದು ಸಹಿಗೆ ಒಲ್ಲೆನೆಂದ. ಮಾಲೀಕನೋ, ಕೆಲಸದಿಂದ ತೆಗೆದೇ ಇಲ್ಲ ಎಂದು ಪಟ್ಟು ಹಿಡಿದ. ಯಾರೋ ವಕೀಲರು ಅವನ ಕಿವಿ ಊದಿದ್ದರು: ಸಾಮಾನ್ಯ ಕಳ್ಳತನಕ್ಕೆ ಮೂರು ವರ್ಷದವರೆಗೆ ಶಿಕ್ಷೆ, ಕೆಲಸದವರೇ ಧಣಿಯ ವಸ್ತು ಕದ್ದರೆ ಏಳರವರೆಗೆ.

ಯಂತ್ರ ಸಾಗಿಸಿದ ಬಾಡಿಗೆ ಗಾಡಿಯವನು ಮನೆ ತೋರಿಸಿದ. ಬಾಗಿಲು ತೆರೆದ ಅಕ್ಕ, ಮಾಲೀಕರು ಬಂದಿಲ್ಲವೇ ಎಂದು ಪೊಲೀಸರ ಬೆನ್ನ ಹಿಂದೆ ಇಣುಕಿದಳು. ಮಂಚದ ಪಕ್ಕ ಯಂತ್ರವಿತ್ತು, ಧೂಳು ಕೂರದಂತೆ ಬೆಡ್‌ಶೀಟ್ ಹೊದಿಸಿದ್ದಳು. ಅದನ್ನು ಜಪ್ತಿ ಮಾಡಿಕೊಂಡರು.

"ಯಾಕೆ ತಂದ್ರಿ?"

"ಇದಿಲ್ದಿದ್ರೆ ಅಲ್ಲಿ ಕೆಲಸ ನಿಲ್ಲುತ್ತೆ. ನನ್ನನ್ನ ಹುಡುಕ್ಕೊಂಡು ಬರ್ತಾರೆ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಅವಳನ್ನು ಠಾಣೆಯಲ್ಲಿ ಕುರ್ಚಿ ಕೊಟ್ಟು ಕೂರಿಸಿ, ಮೂರಕ್ಕೂ ಏಳಕ್ಕೂ ಇರುವ ವ್ಯತ್ಯಾಸವನ್ನು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ಇಷ್ಟು ಹೇಳುವುದು ತಮ್ಮ ಕೆಲಸವಲ್ಲ ಎಂಬುದು ಅವರಿಗೂ ಗೊತ್ತಿತ್ತು.

"ಶನಿವಾರ ನಿಮ್ಮನ್ನ ತೆಗೆದುಹಾಕಿದ್ರು. ನಿಜ ತಾನೇ? ಅಷ್ಟು ಹೇಳಿಬಿಡಮ್ಮ, ದೊಡ್ಡ ಕಲಂ ನಿಲ್ಲೋದು ಕಷ್ಟ."

 ತೆಗೆದುಹಾಕಿದರು ಎಂಬ ಮಾತನ್ನು ಅಕ್ಕ ಇನ್ನೂ ಮನೆಯಲ್ಲೇ ಹೇಳಿರಲಿಲ್ಲ.

"ಯಾರೂ ತೆಗೆದಿಲ್ಲ ಸರ್. ನಾನು ಕೆಲಸದಲ್ಲೇ ಇದ್ದೆ. ಹಾಗೇ ಬರ್ಕೊಳ್ಳಿ."

ಮಾಲೀಕ ಹಗೆಗೆ ಹೇಳಿದ ಸುಳ್ಳನ್ನೇ ಅವಳು ಮಾನಕ್ಕೆ ಹೇಳಿದ್ದಳು. ಇನ್‌ಸ್ಪೆಕ್ಟರ್ ಇನ್ನೊಮ್ಮೆ ಕೇಳಿದರು, ಉತ್ತರ ಬದಲಾಗಲಿಲ್ಲ. ಸಂಜೆ ಬಂಧನವಾಯಿತು. ವೃತ್ತಿ ಏನೆಂದು ಬರೆಯಲಿ ಎಂದು ಮಹಿಳಾ ಪೇದೆ ಕೇಳಿದಾಗ ಅಕ್ಕ ಟೈಲರ್ ಎಂದಳು. ಆಮೇಲೆ, ಕೇಳದಿದ್ದರೂ, ಅಂಗಡಿಯ ವಿಳಾಸವನ್ನೂ ಹೇಳಿದಳು.