ಗುಡ್ಡದ ಮೇಲಿನ ಸಾರಣೆ

ಏಪ್ರಿಲ್ 21, ಸೋಮವಾರ, ಬೆಳಗಿನ 6.10. ಶಹಾಪುರ ಠಾಣೆಯ ಕಾನ್ಸ್‌ಟೇಬಲ್ ಪಂಚಶೀಲಾ ತನ್ನ ಮನೆಯ ಅಂಗಳ ಸಾರಿಸುತ್ತಿದ್ದಳು. ಅರ್ಧ ಮುಗಿದಿತ್ತು, ಫೋನು ಬಂತು. ಸಗಣಿ ಕೈ ತೊಳೆದುಕೊಂಡು ಹೊರಟಳು.

ದೂರು ಕೊಟ್ಟವನು ನಯೀಮ. ಪ್ರತಿ ರವಿವಾರ ಸಂಜೆ ಅವನು ಊರಾಚೆಯ ಎರಡು ಸಣ್ಣ ಗುಡ್ಡಗಳಿಗೆ ಒಂದು ಗುಂಪನ್ನು ನಡೆಸಿಕೊಂಡು ಹೋಗುತ್ತಿದ್ದ. ಜೀಪು, ಬೈಕುಗಳನ್ನು ಗುಡ್ಡ ಹತ್ತಿಸಿ ಆಡುವವರ ದಾರಿಯೂ ಅಲ್ಲೇ ಇತ್ತು. ದಾರಿ ಕವಲೊಡೆಯುವಲ್ಲಿ ಬಂಡೆಯ ಮೇಲೆ ಸುಣ್ಣದ ಬಾಣದ ಗುರುತು. ನಡೆಯುವವರು ಎಡಕ್ಕೆ ಇಳಿಯಬೇಕು. ನಿನ್ನೆ ಸಂಜೆ 6.40ಕ್ಕೆ, ಮೊದಲ ಸಲ ಬಂದಿದ್ದ ಚಿತ್ರಕಲೆಯ ಮಾಸ್ತರು ರಾಮಣ್ಣ ಎಲ್ಲರಿಗಿಂತ ಮುಂದೆ ನಡೆದು ಬಲಕ್ಕೆ ಇಳಿದರು. ದಿಬ್ಬ ಹಾರಿ ಬಂದ ಜೀಪಿಗೆ ಸಿಕ್ಕು ಸ್ಥಳದಲ್ಲೇ ತೀರಿಕೊಂಡರು. ಚಾಲಕ ತಾನಾಗಿಯೇ ಠಾಣೆಗೆ ಬಂದು ಕುಳಿತಿದ್ದ.

"ಬಾಣ ಇರಲಿಲ್ರಿ. ಯಾರೋ ಅಳಿಸ್ಯಾರ," ಎಂದ ನಯೀಮ.

ಎಫ್‌ಐಆರ್ ದಾಖಲಾಯಿತು. 8.30ಕ್ಕೆ ಪಿಎಸ್‌ಐ ಬಸವಕುಮಾರ ಪಂಚನಾಮೆಗೆ ಗುಡ್ಡ ಹತ್ತಿದರು. ಬಾಣ ಅಳಿದಿರಲಿಲ್ಲ, ಅದರ ಮೇಲೆ ಸಗಣಿ ಸಾರಿಸಲಾಗಿತ್ತು. ಒಣಗಿದ ಸಗಣಿಯಲ್ಲಿ ಬೆರಳುಗಳ ಕಮಾನುಗಳು ಹಾಗೇ ಉಳಿದಿದ್ದವು.

ಪಂಚಶೀಲಾ ಕುಕ್ಕರಗಾಲಲ್ಲಿ ಕೂತು ಅವುಗಳ ಮೇಲೆ ಗಾಳಿಯಲ್ಲೇ ಬಲಗೈ ಆಡಿಸಿದಳು. ಕೂಡಲಿಲ್ಲ. ಎಡಗೈ ಆಡಿಸಿದಳು. ಕೂಡಿತು.

"ಸಾರ್ಸಿದಾಕಿ ಎಡಚಿ ಅದಾಳ್ರಿ, ಸಾಹೇಬ್ರ."

"ಸಗಣ್ಯಾಗೂ ಬೆರಳಚ್ಚು ತಗೀತಿ ಏನವಾ?"

"ನೀವೂ ಒಂದಿನ ಅಂಗಳ ಸಾರ್ಸಿದ್ರ ತಿಳೀತಿತ್ತ್ರಿ."

ಎಡಕ್ಕೆ ಹತ್ತು ಹೆಜ್ಜೆ ಇಳಿದರೆ ದಾರಿಯ ನಡುವೆ ಎರಡು ಮೊಳದ ಮಣ್ಣಿನ ಗುಡ್ಡೆ. ವಾರವಾರದ ಬೂಟುಗಳಿಗೆ ತಗ್ಗಾಗಿತ್ತು. ಮೇಲೆ ಅದೇ ಎಡಗೈಯ ಸಾರಣೆ. ಈ ವಾರ ಅದರ ಮೇಲೆ ಒಂದೂ ಹೆಜ್ಜೆ ಬಿದ್ದಿರಲಿಲ್ಲ.

ನಯೀಮ ತಲೆ ತಗ್ಗಿಸಿದ. "ಗುಡ್ಡದ ಬುಡದಾಗಿರೋ ಒಬ್ಬಾಕಿ ಬಂದು ದಾರಿ ಬದಲಿ ಮಾಡ್ರಿ ಅಂದಿದ್ಲ್ರಿ. ಮುಂದಿನ ವಾರ ನೋಡೂಣು ಅಂದೆ."

"ಎಷ್ಟು ಸಲ ಅಂದಿ?"

"ಮೂರು ಸಲ್ರಿ."

ಗುಡ್ಡದ ಬುಡದ ಮನೆಯಲ್ಲಿ ದೇವಕಮ್ಮ ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಆರು ವರ್ಷದ ಮಗಳು.

"ಕಲ್ಲಿನ ಮ್ಯಾಲ ಸಾರ್ಸಿದಾಕಿ ನೀನೇನು?" ಎಂದು ಬಸವಕುಮಾರ ಕೇಳಿದರು.

"ಹೌದ್ರಿ. ನನ್ನ ಮಗ ಮರಿಲಿಂಗನ್ನ ಮಣ್ಣು ಮಾಡಿದ್ದು ಆ ಎಡಗಡೆ ದಾರ್ಯಾಗ ರೀ. ಅವನ ಎದಿ ಮ್ಯಾಲೇ ಕಾಲಿಡ್ತಿದ್ರು. ಬಲಗಡೆಯಿಂದ ಇಳೀಲಿ ಅಂತ..."

"ಆ ಕಡೆ ಜೀಪ್ ಓಡ್ತಾವ. ಗೊತ್ತಿರಲಿಲ್ಲೇನು?"

"ಅವು ಮುಂಜಾನಿ ಓಡ್ತಾವ್ರಿ, ಸಾಹೇಬ್ರ."

ಬಿಸಿಲು ಹೆಚ್ಚಾಗಿ, ನಿನ್ನೆಯ ರವಿವಾರದಿಂದಲೇ ಜೀಪಿನವರು ಓಟವನ್ನು ಸಂಜೆಗೆ ಬದಲಿಸಿದ್ದರು. ಅವಳಿಗೆ ಯಾರೂ ಹೇಳಿರಲಿಲ್ಲ.

ಮಾಸ್ತರು ತೀರಿಕೊಂಡ ಸುದ್ದಿಯನ್ನು ಪಂಚಶೀಲಾ ಹೇಳಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಯಾರೂ ತಿರುವಲಿಲ್ಲ.

10.50ಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದ ಆರೋಪದಲ್ಲಿ ಬಂಧನ. ಅದಕ್ಕೂ ಮೊದಲು ಮಗಳಿಗೆ ಉಣಿಸಲು, ತಲೆ ಬಾಚಲು ಪಂಚಶೀಲಾ ಬಿಟ್ಟಳು. ಬೈತಲೆ ಮೂರು ಸಲ ಸೊಟ್ಟಾಯಿತು. ಹಗೆಯಿಂದ ಮಾಡಿದ್ದಲ್ಲ, ಮಗ ಮಲಗಿದ ಜಾಗವನ್ನು ತುಳಿಯಬಾರದು ಎಂದಷ್ಟೇ ಎಂದು ಹೇಳಿಕೆಯಲ್ಲಿ ಬರೆಯುವಾಗ ಬಸವಕುಮಾರರ ಪೆನ್ನು ಎರಡು ಕಡೆ ನಿಂತಿತು.

ನೆರೆಮನೆಯ ಜೈತುನಬೀ ಮಗುವಿನ ಕೈ ಹಿಡಿದು ಬಾಗಿಲಲ್ಲಿ ನಿಂತಳು. ಅವ್ವ ಗಾಡಿ ಹತ್ತುವಾಗ ಮಗು ಕೈ ಬಿಡಿಸಿಕೊಂಡು ಓಡಿ ಬಂದು ಸೆರಗು ಹಿಡಿಯಿತು.

"ಅವ್ವಾ, ಆ ಮಾಸ್ತರನ್ನ ಎಲ್ಲಿ ಮಣ್ಣು ಮಾಡ್ತಾರ? ಅಲ್ಲೂ ಮಂದಿ ತುಳೀತಾರೇನು?"