ಅಳ್ಳಾಡಬ್ಯಾಡ್ರಿ

ಅಣ್ಣಿಗೇರಿ ಸಂತೆಯಲ್ಲಿ ಗುರುತಿಲ್ಲದವರ ಫೋಟೋ ತೆಗೆಯುವ ಚಟ ನನಗಿತ್ತು. ಡಬ್ಬಿಯಂಥ ಹಳೇ ಕ್ಯಾಮೆರಾವನ್ನು ಕಾಳಿನ ಚೀಲದ ಮೇಲಿಟ್ಟು, ತಲೆ ತಗ್ಗಿಸಿ ಮೇಲಿನಿಂದ ಇಣುಕುತ್ತಿದ್ದೆ. ಯಾರಿಗೂ ಸಂಶಯ ಬರುತ್ತಿರಲಿಲ್ಲ.

೧೯೮೪ರಲ್ಲಿ, ಮೋಡ ಮುಸುಕಿದ ಒಂದು ಸಂತೆಯ ಸಂಜೆ ತೆಗೆದ ಚಿತ್ರದಲ್ಲಿ ಜನರೆಲ್ಲ ಹೊಗೆಯಂತೆ ಕದಡಿಹೋಗಿದ್ದರು. ತಪ್ಪು ನನ್ನದೇ. ಹಿಂದಿನ ದಿನ, ತೀರಿಕೊಂಡ ಶಾರದವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಮನೆಮಂದಿಯನ್ನು ಸುತ್ತ ನಿಲ್ಲಿಸಿ ಫೋಟೋ ತೆಗೆದಿದ್ದೆ. ಪಡಸಾಲೆ ಕತ್ತಲು, ಅಲುಗಿದ್ದೆಲ್ಲ ಕದಡುವಷ್ಟು ಶಟರ್ ನಿಧಾನಕ್ಕಿಟ್ಟು, “ಯಾರೂ ಅಳ್ಳಾಡಬ್ಯಾಡ್ರಿ” ಎಂದಿದ್ದೆ. ಆಮೇಲೆ ಅದನ್ನು ಬದಲಿಸುವುದನ್ನೇ ಮರೆತಿದ್ದೆ.

ಆದರೆ ಸಂತೆಯ ಚಿತ್ರದಲ್ಲಿ ಒಬ್ಬಳು ಮಾತ್ರ ಕೆತ್ತಿದಷ್ಟು ಸ್ಪಷ್ಟವಾಗಿದ್ದಳು. ಮೆಣಸಿನಕಾಯಿ ರಾಶಿಯ ಬಾಜು ಕೂತು, ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು. ಹಣೆಯ ತುಂಬ ವಿಭೂತಿ. ಆ್ಯಸಿಡ್ ನಾರುವ ನನ್ನ ಕತ್ತಲಕೋಣೆಯಲ್ಲಿ ಅವತ್ತು ಚೆಂಡುಹೂವಿನ ವಾಸನೆ ಬಂತು.

ಎಲ್ಲೋ ಕಂಡ ಮುಖ ಅನಿಸಿ, ಚಹಾದಂಗಡಿ ಗೂಳಪ್ಪನಿಗೆ ತೋರಿಸಿದೆ.

“ಈಕಿ ಶಾರದವ್ವ ಅಲ್ಲೇನ್ರಿ? ಯಾವಾಗ ತಗದಿದ್ರಿ ಇದನ್ನ?”

ಆ ಸಂತೆಯ ದಿನ ಬೆಳಿಗ್ಗೆಯೇ ಆಕೆಯನ್ನು ಮಣ್ಣು ಮಾಡಿದ್ದರು.

ಅದೇ ರೋಲಿನಲ್ಲಿದ್ದ ಮನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕಂಕುಳ ಕೂಸು ಸಮೇತ ಎಲ್ಲರೂ ಸ್ಪಷ್ಟ. ಕುರ್ಚಿಯಲ್ಲಿದ್ದವಳ ಮುಖವೊಂದೇ ಬಾಗಿಲ ಕಡೆಗೆ ಹೊರಳಿದಂತೆ ಕದಡಿತ್ತು.

ಅದನ್ನು ಕೊಡಲು ಕೈ ಬರಲಿಲ್ಲ. ಸಂತೆಯ ಚಿತ್ರದಿಂದ ಮುಖವಷ್ಟೇ ಕತ್ತರಿಸಿ, ಚೌಕಟ್ಟು ಹಾಕಿಸಿ, ಶಾರದವ್ವನ ಮಗಳು ಮಹಾದೇವಕ್ಕನಿಗೆ ಕೊಟ್ಟೆ. ಆಕೆ ಸೆರಗಿನಿಂದ ಗಾಜು ಒರೆಸಿದಳು.

“ಚಲೋ ಬಂದಾಳ್ರಿ ಅವ್ವ,” ಎಂದಳು. “ಆದ್ರ ನೀವು ಫೋಟೋ ತಗಿಯೂಮುಂದ ಆಕಿ ಕಣ್ಣು ಮುಚ್ಚಿದ್ದುವಲ್ರಿ?”